ಪ್ರಾರ್ಥನೆಯ ಸಾಲಿನಲ್ಲಿ ಹುಟ್ಟಿದ ಪ್ರಶ್ನೆ

ಹಳ್ಳಿಯ ಒಂದು ಸರ್ಕಾರಿ ಪ್ರೌಢಶಾಲೆಯನ್ನು ಮನಸ್ಸಿಗೆ ತಂದುಕೊಳ್ಳಿ. ಊರು ಹಾವೇರಿ ಸೀಮೆಯದು. ಬೆಳಗಿನ ಹತ್ತು ಗಂಟೆ ಆಗುವುದರಲ್ಲಿದೆ. ಮಣ್ಣಿನ ಅಂಗಳ. ಅಂಗಳದ ಮೂಲೆಯಲ್ಲಿ ಬೇವಿನ ಮರ. ಮರದ ಕೊಂಬೆಗೆ ತೂಗುಹಾಕಿದ ರೈಲು ಹಳಿಯ ತುಂಡು. ಅದೇ ಶಾಲೆಯ ಗಂಟೆ. ಮಕ್ಕಳು ಸಾಲಾಗಿ ನಿಂತಿದ್ದಾರೆ. ಇಬ್ಬರು ಹುಡುಗಿಯರು ಮುಂದೆ ಬಂದು ನಾಡಗೀತೆ ಎತ್ತಿಕೊಡುತ್ತಾರೆ. ಉಳಿದವರು ದನಿಗೂಡಿಸುತ್ತಾರೆ.

ಆ ಹಾಡು ನಿಮಗೆಲ್ಲ ಗೊತ್ತು. ಕುವೆಂಪು ಬರೆದದ್ದು. 2004ರಲ್ಲಿ ಅದು ಅಧಿಕೃತವಾಗಿ ನಾಡಗೀತೆಯಾಯಿತು. 2022ರಲ್ಲಿ ಸರ್ಕಾರ ಅದರ ಧಾಟಿಯನ್ನೂ ಅವಧಿಯನ್ನೂ ಗೊತ್ತುಮಾಡಿತು. ಧಾಟಿ ಮೈಸೂರು ಅನಂತಸ್ವಾಮಿಯವರದು. ಅವಧಿ ಎರಡೂವರೆ ನಿಮಿಷ. ಆ ಎರಡೂವರೆ ನಿಮಿಷದಲ್ಲಿ ಎಷ್ಟು ಹೆಸರುಗಳು ಬಂದು ಹೋಗುತ್ತವೆ, ಗಮನಿಸಿದ್ದೀರಾ? ಕಪಿಲ, ಪತಂಜಲ, ಗೌತಮ, ಜಿನ. ಶಂಕರ, ರಾಮಾನುಜ, ವಿದ್ಯಾರಣ್ಯ, ಬಸವೇಶ್ವರ, ಮಧ್ವ. ನಾನಕ, ರಾಮಾನಂದ, ಕಬೀರ. ಆಮೇಲೆ ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿಕ, ಜೈನ.

ಶಾಲೆ ವರ್ಷಕ್ಕೆ 200ರಿಂದ 220 ದಿನ ನಡೆಯುತ್ತದೆ. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಲೆಕ್ಕ ಹಾಕಿದರೆ ಒಂದು ಮಗು ಈ ಹೆಸರುಗಳನ್ನು ಸುಮಾರು ಎರಡು ಸಾವಿರ ಸಲ ಹಾಡುತ್ತದೆ.

ನಾನು ಅಂಥದೊಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು. ನಿವೃತ್ತಿಗೆ ಎರಡು ವರ್ಷ ಇತ್ತು. ಒಂದು ದಿನ ಪ್ರಾರ್ಥನೆ ಮುಗಿದು ಎಂಟನೇ ತರಗತಿಗೆ ಹೋದೆ. ಹಾಜರಿ ಪುಸ್ತಕ ತೆರೆದಿದ್ದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಅಕ್ಕೋರ, ಪಾರಸಿಕರು ಅಂದ್ರ ಯಾರ್ರೀ?" ಎಂದು ಕೇಳಿದಳು.

ನನಗೆ ಗಂಟಲು ಕಟ್ಟಿದಂತಾಯಿತು. ಪ್ರಶ್ನೆ ಕಷ್ಟದ್ದಲ್ಲ. ಆದರೆ ಮೂವತ್ತು ವರ್ಷದಲ್ಲಿ ಯಾವ ಮಗುವೂ ಇದನ್ನು ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ನಾನೂ ಕಾದಿರಲಿಲ್ಲ. ನಾವು ಹಾಡಿಸಿದ್ದೆವು, ಅಷ್ಟೇ.

ಇವತ್ತಿನ ಮಾತು ಆ ಪ್ರಶ್ನೆಯಿಂದ ಹುಟ್ಟಿದ್ದು. ಸರ್ಕಾರಿ ಶಾಲೆಯಲ್ಲಿ ಮತಧರ್ಮದ ವಿಷಯ ಹೇಳಿಕೊಡಬೇಕೇ, ಬೇಡವೇ?

ಮೊದಲು ಒಂದು ಪದದ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಭಾಷೆಯಲ್ಲಿ 'ಧರ್ಮ' ಎನ್ನುವ ಮಾತು ಬಹಳ ಕೆಲಸ ಮಾಡುತ್ತದೆ. ಹಸಿದವರಿಗೆ ಅನ್ನ ಹಾಕುವುದು ಧರ್ಮ. ಕೊಟ್ಟ ಮಾತು ಉಳಿಸಿಕೊಳ್ಳುವುದು ಧರ್ಮ. ಬಸ್ ನಿಲ್ದಾಣದಲ್ಲಿ ಕೈ ಚಾಚಿದ ಮುದುಕಿಯೂ "ಧರ್ಮ ಮಾಡ್ರಿ" ಎನ್ನುತ್ತಾಳೆ. ಜನಗಣತಿಯವರು ಬಂದು ಬರೆದುಕೊಳ್ಳುವುದೂ ಧರ್ಮವೇ. ಹಾಗಾಗಿ ಯಾರಾದರೂ "ಶಾಲೆಯಲ್ಲಿ ಧರ್ಮ ಬೇಡ" ಎಂದರೆ ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಹೇಳಿಕೊಡುವುದೇ ಬೇಡವೇ ಎಂದು ಅವರು ಕೇಳುತ್ತಾರೆ. ಅವರ ಆತಂಕ ನಿಜವಾದದ್ದು. ಆದರೆ ಪ್ರಶ್ನೆ ಅದಲ್ಲ.

ಸುಳ್ಳು ಹೇಳಬಾರದು, ಬಿದ್ದವರನ್ನು ಎಬ್ಬಿಸಬೇಕು, ಪಕ್ಕದವನ ಬುತ್ತಿ ಕದಿಯಬಾರದು. ಇವುಗಳನ್ನು ಪ್ರತಿಯೊಬ್ಬ ಶಿಕ್ಷಕಿ ಪ್ರತಿದಿನ ಹೇಳುತ್ತಾಳೆ, ಹೇಳಲೇಬೇಕು. ಅದಕ್ಕೆ ಯಾವ ಮತದ ಅಪ್ಪಣೆಯೂ ಬೇಕಿಲ್ಲ. ನಾನು ಈಗ ಮಾತಾಡುತ್ತಿರುವುದು ಮತಧರ್ಮಗಳ ಬಗ್ಗೆ. ಅಂದರೆ ಗುಡಿ, ಮಸೀದಿ, ಇಗರ್ಜಿ, ಬಸದಿ, ಗುರುದ್ವಾರ, ಅವುಗಳ ಗ್ರಂಥಗಳು, ನಂಬಿಕೆಗಳು, ಆಚರಣೆಗಳು.

ಪದ ಬಿಡಿಸಿಕೊಂಡೆವು. ಇನ್ನು ಕಾನೂನು ಏನು ಹೇಳುತ್ತದೆ, ನೋಡೋಣ.

ನಮ್ಮ ಸಂವಿಧಾನದ 28ನೇ ವಿಧಿ ಇದಕ್ಕೆಂದೇ ಇದೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಧರ್ಮದ ಬೋಧನೆ ಕೂಡದು. ಇದು ಮೊದಲ ಮಾತು. ಯಾರೋ ದಾನಿಗಳು ದತ್ತಿ ಇಟ್ಟು, ಧರ್ಮಬೋಧನೆ ಇರಲೇಬೇಕೆಂದು ಷರತ್ತು ಹಾಕಿ ಕಟ್ಟಿಸಿದ ಸಂಸ್ಥೆಯ ಆಡಳಿತ ಸರ್ಕಾರದ ಕೈಯಲ್ಲಿದ್ದರೆ, ಅಲ್ಲಿಗೆ ಈ ನಿಷೇಧ ಅನ್ವಯಿಸದು. ಇನ್ನು ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಗಳು. ಅಲ್ಲಿ ಧರ್ಮಬೋಧನೆ ನಡೆಯಬಹುದು, ಪ್ರಾರ್ಥನೆ ನಡೆಯಬಹುದು. ಆದರೆ ಯಾರನ್ನೂ ಬಲವಂತವಾಗಿ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಮಿಷನ್ ಶಾಲೆಗೂ ಇದೇ ನಿಯಮ, ಮಠದ ಶಾಲೆಗೂ ಇದೇ ನಿಯಮ.

ಸರ್ಕಾರಿ ಶಾಲೆಯನ್ನು ಮತಬೋಧೆಯಿಂದ ದೂರ ಇಡುವುದು ಹೊಸ ವಿಚಾರವೇನಲ್ಲ. ಬ್ರಿಟಿಷ್ ಆಡಳಿತದ ಕಾಲದ, 1854ರ ವುಡ್ ಅವರ ಶಿಕ್ಷಣ ಪತ್ರವೇ ಸರ್ಕಾರಿ ಶಾಲೆಗಳಲ್ಲಿ ಲೌಕಿಕ ಶಿಕ್ಷಣ ಮಾತ್ರ ಇರಲಿ ಎಂದಿತ್ತು. ಬೈಬಲ್ ಗ್ರಂಥಾಲಯದಲ್ಲಿರಲಿ, ಬೇಕಾದ ಹುಡುಗ ತೆಗೆದು ಓದಲಿ, ಸಂದೇಹವಿದ್ದರೆ ಶಾಲೆಯ ವೇಳೆಯ ಆಚೆಗೆ ಮೇಷ್ಟರನ್ನು ಕೇಳಲಿ ಎಂಬ ಏರ್ಪಾಡು ಅದು. ಅದೇ ಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಶಾಲೆಗಳಲ್ಲಿ ಬೈಬಲ್ ಪಾಠವೇ ಇತ್ತು. ನಮ್ಮ ಹಳೆಯ ಕೂಲಿಮಠಗಳಲ್ಲಿ ಮಗ್ಗಿಯ ಜೊತೆಗೆ ಅಮರಕೋಶವನ್ನೂ ಜೈಮಿನಿ ಭಾರತವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಮೂರು ಬಗೆಯ ಶಾಲೆಗಳು ಅಕ್ಕಪಕ್ಕದಲ್ಲೇ ಬಾಳಿದ ನಾಡು ಇದು.

ಆದರೆ ಸ್ವತಂತ್ರ ಭಾರತ ಈ ವಿಧಿಯನ್ನು ಬರೆದುಕೊಂಡದ್ದು ಬೇರೆ ಕಾರಣಕ್ಕೆ. 1948ರ ಡಿಸೆಂಬರ್ 7ರಂದು ಸಂವಿಧಾನ ಸಭೆಯಲ್ಲಿ ಈ ಚರ್ಚೆ ನಡೆಯಿತು. ದೇಶ ಒಡೆದು ಒಂದೂವರೆ ವರ್ಷವೂ ಆಗಿರಲಿಲ್ಲ. ಗಾಂಧೀಜಿ ಹತ್ಯೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಬೇಡ್ಕರ್ ಎದ್ದು ಉತ್ತರ ಕೊಟ್ಟರು. ಅವರ ವಾದದ ಸಾರ ಹೀಗೆ. ಎಲ್ಲರ ತೆರಿಗೆ ಹಣದಿಂದ ಒಂದು ಮತದ ಪ್ರಚಾರ ನಡೆಯಬಾರದು. ಈ ದೇಶದಲ್ಲಿ ಮತಗಳೂ ಒಳಪಂಗಡಗಳೂ ಲೆಕ್ಕವಿಲ್ಲದಷ್ಟಿವೆ, ಪ್ರತಿಯೊಂದಕ್ಕೂ ಬೇರೆ ಬೇರೆ ಪಾಠ ಏರ್ಪಡಿಸುವುದು ಆಗದ ಮಾತು. ಅಲ್ಲದೆ, ತನ್ನ ದಾರಿಯೊಂದೇ ಮುಕ್ತಿಯ ದಾರಿ ಎಂದು ಹೇಳುವ ಮತಗಳಿವೆ. ಅಂಥ ಬೋಧನೆಗಳು ಒಂದೇ ಶಾಲೆಯ ಒಳಗೆ ಎದುರುಬದುರಾದರೆ ಶಾಂತಿ ಕೆಡುತ್ತದೆ.

ಆ ದಿನ ಇನ್ನೊಂದು ಮಾತೂ ಬಂತು. ನನಗೆ ಅದು ಇವೆಲ್ಲಕ್ಕಿಂತ ಮುಖ್ಯ. ಸದಸ್ಯರೊಬ್ಬರು ಕೇಳಿದರು: ಹಾಗಾದರೆ ಸಂಸ್ಕೃತ ಕಾಲೇಜಿನಲ್ಲಿ ವೇದ, ಗೀತೆ, ಉಪನಿಷತ್ತು ಓದಿಸುವುದೂ ತಪ್ಪಾಗುತ್ತದೆಯೇ? ಅಂಬೇಡ್ಕರ್ ಅಲ್ಲ ಎಂದರು. ಇದನ್ನು ನಂಬು ಎಂದು ಹೇಳುವುದು ಬೋಧನೆ. ಅದನ್ನು ಓದಿ, ಪರಿಶೀಲಿಸಿ ಅರ್ಥ ಮಾಡಿಕೊಳ್ಳುವುದು ಅಧ್ಯಯನ. ಎರಡೂ ಬೇರೆ ಬೇರೆ ಎಂಬುದು ಅವರ ವಿವರಣೆ.

ಇಲ್ಲಿಯವರೆಗೆ ಹೇಳಿದ್ದನ್ನು ಕೂಡಿಸಿ ಹೇಳುತ್ತೇನೆ. ನೀತಿ ಬೇರೆ, ಮತ ಬೇರೆ. ಸರ್ಕಾರಿ ಶಾಲೆಯಲ್ಲಿ ಮತವನ್ನು ಬೋಧಿಸುವಂತಿಲ್ಲ. ಆದರೆ ಮತದ ಬಗ್ಗೆ ಓದಬಾರದು ಎಂದು ಎಲ್ಲೂ ಹೇಳಿಲ್ಲ.

ಈ ವ್ಯತ್ಯಾಸ ದೆಹಲಿಯಲ್ಲಿ ಹುಟ್ಟಿದ್ದು ಎಂದುಕೊಳ್ಳಬೇಡಿ. ಕನ್ನಡಕ್ಕೆ ಇದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಪಂಪನನ್ನು ನೆನೆಯಿರಿ. ಹತ್ತನೇ ಶತಮಾನದ ಕವಿ. ಅವನ ಮನೆತನ ವೈದಿಕರದು. ಅವನ ತಂದೆ ಜೈನ ಧರ್ಮಕ್ಕೆ ಬಂದವನು. ಪಂಪ ಎರಡು ಕಾವ್ಯ ಬರೆದ. ಒಂದು ಆದಿಪುರಾಣ, ಮೊದಲ ತೀರ್ಥಂಕರನ ಕಥೆ. ಇನ್ನೊಂದು ವಿಕ್ರಮಾರ್ಜುನ ವಿಜಯ, ಭಾರತದ ಕಥೆ. ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆಗಮಿಕ ಬೇರೆ, ಲೌಕಿಕ ಬೇರೆ. ಬರೆದ ಕೈ ಒಂದೇ. ಒಂದಕ್ಕಾಗಿ ಇನ್ನೊಂದನ್ನು ಅವನು ಕೈಬಿಡಲಿಲ್ಲ, ಒಂದರೊಳಗೆ ಇನ್ನೊಂದನ್ನು ತುರುಕಲೂ ಇಲ್ಲ.

ಸರ್ಕಾರಿ ಶಾಲೆ ಲೌಕಿಕದ ಜಾಗ. ಆಗಮಿಕಕ್ಕೆ ಮನೆ ಇದೆ, ಮಠ ಇದೆ, ಮದರಸ ಇದೆ, ಇಗರ್ಜಿಯ ಭಾನುವಾರದ ಧರ್ಮೋಪದೇಶ ಇದೆ, ಬಸದಿ ಇದೆ. ಆದರೆ ಲೌಕಿಕದ ಜಾಗದಲ್ಲಿ ನಿಂತೇ ಆಗಮಿಕವನ್ನು ತಿಳಿದುಕೊಳ್ಳಬಹುದು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗ ಇದನ್ನೇ ಹೇಳಿತು. ಮತಬೋಧನೆ ಬೇಡ, ಮುಖ್ಯ ಮತಗಳ ಬಗ್ಗೆ ಆಯ್ದ ತಿಳಿವಳಿಕೆ ಎಲ್ಲ ಮಕ್ಕಳಿಗೂ ಸಿಗಲಿ ಎಂದಿತು. 2002ರಲ್ಲಿ ಶಾಲಾ ಪಠ್ಯಕ್ರಮದ ಮೇಲೆ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಮತಧರ್ಮಗಳ ಬಗ್ಗೆ ತಿಳಿಸುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದು ಕೋರ್ಟು ಹೇಳಿತು.

ಇಷ್ಟೆಲ್ಲ ಇದ್ದೂ ತರಗತಿಯೊಳಗೆ ಏನಾಗುತ್ತಿದೆ? ಇದು ನಾನು ಕಣ್ಣಾರೆ ಕಂಡ ಲೋಕ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡ ಪಾಠದಲ್ಲಿ ಮತಧರ್ಮ ಇಲ್ಲವೇ? ತುಂಬಿ ತುಳುಕುತ್ತಿದೆ. ಪಂಪನನ್ನು ಓದುವ ಮಗುವಿಗೆ ತೀರ್ಥಂಕರ ಎಂದರೆ ಏನೆಂದು ಗೊತ್ತಾಗಬೇಡವೇ? ಬಸವಣ್ಣನವರ, ಅಕ್ಕಮಹಾದೇವಿಯ ವಚನ ಓದುವ ಮಗುವಿಗೆ ಇಷ್ಟಲಿಂಗ, ಜಂಗಮ, ದಾಸೋಹ ಎಂಬ ಮಾತುಗಳ ಹಿಂದಿನ ಬಾಳು ತಿಳಿಯಬೇಡವೇ? ಕನಕದಾಸರ ಕೀರ್ತನೆ ಹಾಡುವಾಗ ಉಡುಪಿಯ ಕೃಷ್ಣನ ಗುಡಿಯ ಕಿಂಡಿಯ ಕಥೆ ಬಂದೇ ಬರುತ್ತದೆ. ಆ ಕಥೆ ಬಂದರೆ ಯಾರನ್ನು ಹೊರಗೆ ನಿಲ್ಲಿಸಿದ್ದರು, ಯಾಕೆ ನಿಲ್ಲಿಸಿದ್ದರು ಎಂಬ ಪ್ರಶ್ನೆಯೂ ಬರುತ್ತದೆ. ಬರಬೇಕು.

ಇನ್ನು ಶರೀಫರು. ಶಿಶುನಾಳ ನಮ್ಮ ಜಿಲ್ಲೆಯದೇ ಊರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತ. ಮುಸಲ್ಮಾನರ ಮನೆಯ ಮಗ. ಗುರು ಕಳಸದ ಗೋವಿಂದಭಟ್ಟರು, ಬ್ರಾಹ್ಮಣರು. ನಮ್ಮ ಭಾಗದ ಮದುವೆ ಮನೆಯಲ್ಲೂ ಶರೀಫರ ಪದ, ಸಾವಿನ ಮನೆಯ ಭಜನೆಯಲ್ಲೂ ಶರೀಫರ ಪದ. ಮಕ್ಕಳಿಗೆ ಪದ ಬರುತ್ತದೆ. ಆದರೆ ಸೂಫಿ ಎಂದರೆ ಏನು ಎಂದು ಕೇಳಿದರೆ ಹತ್ತನೇ ತರಗತಿ ಮುಗಿಸಿದ ಹುಡುಗನೂ ಸುಮ್ಮನಾಗುತ್ತಾನೆ. ಅವನ ತಪ್ಪಲ್ಲ. ನಾವು 'ಕವಿ ಪರಿಚಯ'ದ ಮೂರು ಸಾಲು ಬಾಯಿಪಾಠ ಮಾಡಿಸಿ ಮುಂದೆ ಹೋದೆವು. ಕಾಲ, ಸ್ಥಳ, ಕೃತಿ. ಎರಡು ಅಂಕ.

ಯಾಕೆ ಮುಂದೆ ಹೋದೆವು? ಭಯಕ್ಕೆ. ಏನಾದರೂ ಹೇಳಿದರೆ ಯಾರ ಮನೆಯವರು ಬಂದು ಜಗಳ ತೆಗೆಯುತ್ತಾರೋ ಎಂಬ ಭಯ. ಈಗ ಆ ಭಯದ ಜೊತೆಗೆ ಮೊಬೈಲಿನ ಭಯವೂ ಸೇರಿದೆ. ಯಾರೋ ಪಾಠದ ತುಂಡನ್ನು ಹಿಡಿದು ಊರಿಗೆಲ್ಲ ಕಳಿಸುತ್ತಾರೆ. ಮತ್ತೊಂದು ಕಾರಣವೂ ಇತ್ತು. ನಮಗೇ ಗೊತ್ತಿರಲಿಲ್ಲ. ನಾನು ಬಿ.ಎಡ್. ಓದಿದಾಗ ಪಾಠ ಯೋಜನೆ ಬರೆಯುವುದನ್ನು ಕಲಿಸಿದರು, ಕಪ್ಪುಹಲಗೆಯ ಮೇಲೆ ಅಕ್ಷರ ಹೇಗಿರಬೇಕೆಂದು ಕಲಿಸಿದರು. ಬೇರೆ ಬೇರೆ ಮನೆದೇವರ ನಲವತ್ತು ಮಕ್ಕಳ ಮುಂದೆ ನಿಂತು ಒಂದು ಮತದ ಬಗ್ಗೆ ಹೇಗೆ ಮಾತಾಡಬೇಕು ಎಂದು ಒಂದು ಗಂಟೆಯೂ ಕಲಿಸಲಿಲ್ಲ.

ನಾವು ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಮಗುವಿನ ಕೈಗೆ ಅಪ್ಪನ ಮೊಬೈಲ್ ಬಂತು. ಪಕ್ಕದ ಓಣಿಯವರು ಏನು ನಂಬುತ್ತಾರೆ, ಏನು ತಿನ್ನುತ್ತಾರೆ, ಯಾಕೆ ಹಾಗೆ ಉಡುತ್ತಾರೆ ಎಂಬುದನ್ನು ಅದು ವಾಟ್ಸಾಪಿನಿಂದ ಕಲಿಯುತ್ತಿದೆ. ಅಲ್ಲಿ ಕಲಿಸುವವರಿಗೆ ಹೆಸರಿಲ್ಲ. ತಪ್ಪಾದರೆ ತಿದ್ದುವವರೂ ಇಲ್ಲ. ನನ್ನನ್ನು ಬಹಳ ನೋಯಿಸುವ ಸಂಗತಿಯೊಂದಿದೆ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಬಂದರೆ ಇಡೀ ಊರೇ ಅಲಾಯಿ ಕುಣಿಯ ಸುತ್ತ ಸೇರುತ್ತದೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಿನಲ್ಲಿಯೂ ಪಂಜಾ ಕೂರಿಸುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಹಸನ್, ಹುಸೇನರ ಹೆಸರು ಹೇಳಿ ಕಣ್ಣೀರು ಹಾಕುವ ರೈತರನ್ನು ನಾನು ನೋಡಿದ್ದೇನೆ. ಅದೇ ರೈತರ ಮೊಮ್ಮಗ ಕರ್ಬಲಾ ಎಲ್ಲಿದೆ, ಅಲ್ಲಿ ಏನಾಯಿತು ಎಂದು ಶಾಲೆಯಲ್ಲಿ ಒಮ್ಮೆಯೂ ಕೇಳಿಸಿಕೊಂಡಿಲ್ಲ.

ಈಗ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು.

ಒಂದು ವರ್ಷ ಒಂಬತ್ತನೇ ತರಗತಿಯಲ್ಲಿ ಶರೀಫರ ಪದ ಪಾಠವಾಗಿತ್ತು. ನನಗೆ ಉತ್ಸಾಹ ಬಂತು. ತರಗತಿಯಲ್ಲಿ ಒಬ್ಬನೇ ಮುಸಲ್ಮಾನ ಹುಡುಗನಿದ್ದ. ಅವನನ್ನು ಎಬ್ಬಿಸಿ ನಿಲ್ಲಿಸಿದೆ. "ನಿಮ್ಮ ಧರ್ಮದ ಬಗ್ಗೆ ಎಲ್ಲರಿಗೂ ನಾಲ್ಕು ಮಾತು ಹೇಳಪ್ಪ" ಎಂದೆ. ಅವನಿಗೆ ಗೌರವ ಕೊಡುತ್ತಿದ್ದೇನೆ ಎಂದೇ ನಾನು ಅಂದುಕೊಂಡಿದ್ದೆ. ಹುಡುಗ ತಲೆ ತಗ್ಗಿಸಿದ. ನಲವತ್ತು ಜೊತೆ ಕಣ್ಣುಗಳು ಅವನ ಮೇಲೆ. ಅವನು ಬೆಂಚಿನ ಅಂಚನ್ನು ಬೆರಳಿನಿಂದ ಕೆರೆಯುತ್ತ ನಿಂತ. ಒಂದು ಮಾತೂ ಹೊರಡಲಿಲ್ಲ. ಕೂರಿಸಿದೆ. ಪಾಠ ಮುಗಿದ ಮೇಲೆ ಬಾಗಿಲ ಬಳಿ ಬಂದ. "ನಂಗೇನು ಗೊತ್ತಿಲ್ರೀ ಅಕ್ಕೋರ. ನಮ್ಮಪ್ಪ ಬಟ್ಟಿ ಹೊಲೀತಾನ್ರೀ" ಎಂದ.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವನು ಹದಿನಾಲ್ಕು ವರ್ಷದ ಹುಡುಗ. ಕಬಡ್ಡಿ ಆಡುತ್ತಿದ್ದ, ಗಣಿತದಲ್ಲಿ ಜಾಣ. ನಾನು ಅವನನ್ನು ಒಂದೇ ಕ್ಷಣದಲ್ಲಿ ಕೋಟಿ ಕೋಟಿ ಜನರ ವಕೀಲನನ್ನಾಗಿ ಮಾಡಿಬಿಟ್ಟೆ. ಅವತ್ತಿನಿಂದ ಒಂದು ನಿಯಮ ಹಾಕಿಕೊಂಡೆ. ಯಾವ ಮಗುವನ್ನೂ ಅದರ ಮತದ ಹೆಸರಿನಲ್ಲಿ ಎಬ್ಬಿಸಿ ನಿಲ್ಲಿಸುವುದಿಲ್ಲ. ಮನೆದೇವರು ಯಾರು ಎಂದು ಎಲ್ಲರೆದುರು ಕೇಳುವುದಿಲ್ಲ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ವಿಷಯ ಹೇಳುವ ಹೊಣೆ ಶಿಕ್ಷಕಿಯದು. ಅದನ್ನು ಓದಿಕೊಂಡು ಬರುವ ಹೊಣೆಯೂ ಅವಳದೇ.

ಮಾತೂ ಬದಲಾಯಿತು. 'ನಾವು' ಎನ್ನುವ ಪದವನ್ನು ತರಗತಿಯಲ್ಲಿ ಜಾಗರೂಕತೆಯಿಂದ ಬಳಸಲು ಕಲಿತೆ. "ನಾವು ಪೂಜೆ ಮಾಡುತ್ತೇವೆ, ಅವರು ನಮಾಜು ಮಾಡುತ್ತಾರೆ" ಎಂದೊಡನೆ ತರಗತಿ ಎರಡು ಹೋಳಾಗುತ್ತದೆ. "ಲಿಂಗಾಯತರು ಹೀಗೆ ಮಾಡುತ್ತಾರೆ, ಜೈನರು ಹೀಗೆ ನಂಬುತ್ತಾರೆ, ಕ್ರೈಸ್ತರಲ್ಲಿ ಹೀಗಿದೆ" ಎಂದರೆ ಎಲ್ಲರೂ ಒಂದೇ ಅಂತರದಲ್ಲಿರುತ್ತಾರೆ. ಶಿಕ್ಷಕಿಯ ಸ್ವಂತ ಮತವೂ ಆ ಸಾಲಿನಲ್ಲಿ ಒಂದಾಗಿ ನಿಲ್ಲುತ್ತದೆ. ಚಿಕ್ಕ ವಿಷಯ ಎನಿಸಬಹುದು. ಮೂಲೆಯ ಬೆಂಚಿನಲ್ಲಿ ಕೂತ ಮಗುವಿಗೆ ಚಿಕ್ಕದಲ್ಲ.

ಇದುವರೆಗೆ ಪಾಠ ಹೇಳುವ ಬಗೆಯನ್ನು ಹೇಳಿದೆ. ಪಾಠದೊಳಗೆ ಮತ ಈಗಾಗಲೇ ಇದೆ, ವಿವರಣೆ ಮಾತ್ರ ಇಲ್ಲ. ವಿವರಿಸಬೇಕಾದವಳು ಶಿಕ್ಷಕಿ, ಮಗುವಲ್ಲ. ಇನ್ನು ಆಕ್ಷೇಪಣೆಗಳಿಗೆ ಬರುತ್ತೇನೆ.

ಒಂದು ಆಕ್ಷೇಪ ಶ್ರದ್ಧೆಯುಳ್ಳವರದು. ನಮ್ಮ ಗ್ರಂಥವನ್ನೇ ಯಾಕೆ ಕಲಿಸಬಾರದು ಎಂದು ಅವರು ಕೇಳುತ್ತಾರೆ. 2022ರಲ್ಲಿ ಗುಜರಾತ್ ಸರ್ಕಾರ ಆರರಿಂದ ಹನ್ನೆರಡನೇ ತರಗತಿಯವರೆಗೆ ಭಗವದ್ಗೀತೆಯನ್ನು ತರುವುದಾಗಿ ಪ್ರಕಟಿಸಿತು. ಆಗ ನಮ್ಮ ರಾಜ್ಯದಲ್ಲೂ ಅದರ ಮಾತು ಎದ್ದಿತು. ನಾನು ಗೀತೆಯನ್ನು ಪ್ರೀತಿಯಿಂದ ಓದುವವಳು. ಅದಕ್ಕಾಗಿಯೇ ಹೇಳುತ್ತೇನೆ, ಅದನ್ನು ಸರ್ಕಾರದ ಕೈಗೆ ಕೊಡಬೇಡಿ. ಶಾಲೆಗೆ ಬಂದದ್ದೆಲ್ಲ ಕೊನೆಗೆ ಪರೀಕ್ಷೆಗೆ ಬರುತ್ತದೆ. ಅರ್ಜುನನ ವಿಷಾದ 'ಹೊಂದಿಸಿ ಬರೆಯಿರಿ' ಆಗುತ್ತದೆ. ಸ್ಥಿತಪ್ರಜ್ಞನ ಲಕ್ಷಣ ನಾಲ್ಕು ಅಂಕದ ಪ್ರಶ್ನೆಯಾಗುತ್ತದೆ. ಮಾರ್ಚ್ ತಿಂಗಳಲ್ಲಿ ಮಕ್ಕಳು ಗೈಡಿನಿಂದ ಅದನ್ನು ಉರು ಹೊಡೆಯುತ್ತಾರೆ. ಕುರಾನಿಗೂ ಬೈಬಲಿಗೂ ವಚನಕ್ಕೂ ಇದೇ ಗತಿ. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಅವಳು ಹೇಳುತ್ತಿದ್ದ ಎರಡು ವಚನ ನನ್ನೊಳಗೆ ಉಳಿದವು. ಅದಕ್ಕೆ ಯಾರೂ ಅಂಕ ಹಾಕಿರಲಿಲ್ಲ.

ಇನ್ನೊಂದು ಆಕ್ಷೇಪ ಎದುರು ಕಡೆಯವರದು. ಅದು ಹೆಚ್ಚು ಗಟ್ಟಿಯಾದದ್ದು. ಮತಗಳ ಬಗ್ಗೆ ತಿಳಿಸುತ್ತೇವೆ ಎಂದು ಬಾಗಿಲು ತೆರೆದರೆ ಅಧಿಕಾರದಲ್ಲಿರುವವರು ತಮಗೆ ಬೇಕಾದದ್ದನ್ನು ಒಳಗೆ ತಳ್ಳುತ್ತಾರೆ ಎಂಬುದು. ಇದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. 2022ರಲ್ಲಿ ನಮ್ಮ ಪಠ್ಯಪುಸ್ತಕಗಳ ಪರಿಷ್ಕರಣೆ ಎಷ್ಟು ದೊಡ್ಡ ಜಗಳವಾಯಿತು ಎಂಬುದು ನಿಮಗೆ ನೆನಪಿದೆ. ಬಸವಣ್ಣನವರ ಕುರಿತ ಪಾಠದ ಮಾತುಗಳಿಗೆ ಮಠಾಧೀಶರೇ ಆಕ್ಷೇಪ ಎತ್ತಿದರು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಸರ್ಕಾರದ ಜೊತೆಗೆ ಪಾಠವೂ ಬದಲಾಗುವುದಾದರೆ ಮಗು ಏನನ್ನು ನಂಬಬೇಕು?

ಬೇರೆ ದೇಶಗಳು ಇದಕ್ಕೆ ಏನು ಮಾಡಿವೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1944ರ ಕಾಯಿದೆಯಿಂದ ಶಾಲೆಯಲ್ಲಿ ಮತಶಿಕ್ಷಣ ಕಡ್ಡಾಯ. ಮೊದಲು ಅದು ಕ್ರೈಸ್ತ ಬೋಧೆಯೇ ಆಗಿತ್ತು. ಭಾರತ, ಪಾಕಿಸ್ತಾನ, ಕೆರಿಬಿಯನ್ ದ್ವೀಪಗಳಿಂದ ಜನ ಹೋಗಿ ನೆಲೆಸಿದ ಮೇಲೆ ಸ್ವರೂಪ ಬದಲಾಯಿತು. 1988ರ ಕಾಯಿದೆ ಕ್ರೈಸ್ತ ಪರಂಪರೆಯ ಜೊತೆಗೆ ಅಲ್ಲಿನ ಇತರ ಮುಖ್ಯ ಮತಗಳನ್ನೂ ಪಾಠ ಒಳಗೊಳ್ಳಬೇಕೆಂದಿತು. ಅಲ್ಲಿಯ ಒಂದು ಪದ್ಧತಿ ನನಗೆ ಇಷ್ಟ. ಸ್ಥಳೀಯ ಶಾಲೆಗಳ ಪಠ್ಯವನ್ನು ಒಂದು ಸಭೆ ಕೂತು ಬರೆಯುತ್ತದೆ. ಅದರಲ್ಲಿ ನಾಲ್ಕು ಗುಂಪು. ಆಂಗ್ಲ ಚರ್ಚಿನವರದು ಒಂದು, ಉಳಿದ ಚರ್ಚುಗಳ ಮತ್ತು ಇತರ ಮತಗಳವರದು ಒಂದು, ಶಿಕ್ಷಕರದು ಒಂದು, ಸ್ಥಳೀಯ ಆಡಳಿತದ್ದು ಒಂದು. ನಾಲ್ಕೂ ಗುಂಪು ಒಪ್ಪಿದರೆ ಮಾತ್ರ ಪಠ್ಯ. ಮೂರು ಒಪ್ಪಿ ಒಂದು ಬೇಡ ಎಂದರೂ ಇಲ್ಲ.

ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ ಸರ್ಕಾರಿ ಶಾಲೆಯ ಬೆಳಗಿನ ಬೈಬಲ್ ಪಠಣವನ್ನು ನಿಲ್ಲಿಸಿತು. ಅದೇ ತೀರ್ಪಿನಲ್ಲಿ, ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಓದಿಸಬಹುದು ಎಂದೂ ಹೇಳಿತು. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನ ಶಾಲೆಗಳು 2000ದ ಸುಮಾರಿಗೆ ಒಂಬತ್ತನೇ ತರಗತಿಗೆ ಒಂಬತ್ತು ವಾರದ ಜಗತ್ತಿನ ಮತಗಳ ಪಾಠ ಇಟ್ಟವು. ಸಂಶೋಧಕರು ಮಕ್ಕಳನ್ನು ಮಾತಾಡಿಸಿ 2006ರಲ್ಲಿ ವರದಿ ಬರೆದರು. ಇತರರ ಮತಸ್ವಾತಂತ್ರ್ಯದ ಬಗ್ಗೆ ಮಕ್ಕಳ ಗೌರವ ಹೆಚ್ಚಿತ್ತು. ಪಾಠದಿಂದ ಮಕ್ಕಳ ಸ್ವಂತ ನಂಬಿಕೆ ಬದಲಾದಂತೆ ಕಾಣಲಿಲ್ಲ.

ನಮ್ಮಲ್ಲಿ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು? ಹೊಸ ಪುಸ್ತಕ, ಹೊಸ ಪಿರಿಯಡ್ ನನಗೆ ಬೇಡ. ಕನ್ನಡ ಪಾಠ ಇದೆ, ಸಮಾಜ ವಿಜ್ಞಾನ ಇದೆ, ನಾಡಗೀತೆ ಇದೆ. ಅವುಗಳಲ್ಲಿ ಬರುವ ಪದಗಳನ್ನು, ಹೆಸರುಗಳನ್ನು ವಿವರಿಸುವ ಒಂದು ಕೈಪಿಡಿ ಶಿಕ್ಷಕರ ಕೈಗೆ ಬರಲಿ. ಅದನ್ನು ಎಲ್ಲ ಮತದವರೂ ಓದಿ, ನಮ್ಮ ಬಗ್ಗೆ ಬರೆದದ್ದು ಸರಿಯಾಗಿದೆ ಎಂದು ಒಪ್ಪಲಿ. ಯಾವ ಮತವನ್ನೂ ನಂಬದವರೂ ಆ ಸಭೆಯಲ್ಲಿ ಕೂರಲಿ.

ಈ ಕೊನೆಯ ಮಾತನ್ನು ಬೇಕೆಂದೇ ಸೇರಿಸಿದೆ. ಚಾರ್ವಾಕರೂ ಈ ನೆಲದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಖಾದಿ ಉಟ್ಟು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದ ಆ ಮನುಷ್ಯರ ಪ್ರಶ್ನೆಗಳೂ ಮಕ್ಕಳಿಗೆ ತಿಳಿಯಲಿ. ಮತಗಳ ಹೆಸರಿನಲ್ಲಿ ನಡೆದ ಅನ್ಯಾಯಗಳೂ ತಿಳಿಯಲಿ. ಅಸ್ಪೃಶ್ಯತೆಯ ಮಾತೆತ್ತದೆ ಹನ್ನೆರಡನೇ ಶತಮಾನದ ಕಲ್ಯಾಣದ ಕಥೆ ಹೇಳಿದರೆ ಅದು ಅರ್ಧ ಕಥೆ.

ಇಷ್ಟು ತಿಳಿವಳಿಕೆಯ ಮಾತಾಯಿತು. ಇನ್ನು ಆಚರಣೆ. ಶಾರದಾ ಪೂಜೆ ಮಾಡಬಾರದೇ, ಗಣಪತಿ ಕೂರಿಸಬಾರದೇ ಎಂದು ಅನೇಕರು ಕೇಳುತ್ತಾರೆ. ನನ್ನ ಅಭಿಪ್ರಾಯ ಕೆಲವರಿಗೆ ಕಹಿಯಾಗಬಹುದು. ಹಬ್ಬದ ಕಥೆ ಹೇಳಿ, ಹಬ್ಬದ ತಿಂಡಿ ಹಂಚಿ ತಿನ್ನಿ. ಚಕ್ಕಲಿ, ಶೀರ್‌ಕುರ್ಮಾ, ಕೇಕು ಎಲ್ಲವೂ ಇರಲಿ. ಆದರೆ ಸರ್ಕಾರಿ ಶಾಲೆಯಲ್ಲಿ ಯಾವ ಮಗುವಿಗೂ ಕೈ ಮುಗಿ ಎಂದು ಹೇಳಬಾರದು. ಕೈ ಮುಗಿಯದ ಮಗುವನ್ನು ದುರುಗುಟ್ಟಿ ನೋಡಲೂಬಾರದು.

1985ರಲ್ಲಿ ಕೇರಳದಲ್ಲಿ ಒಂದು ಘಟನೆ ನಡೆಯಿತು. ಒಂದೇ ಮನೆಯ ಮೂವರು ಮಕ್ಕಳು. ಅವರ ಮತದ ಪ್ರಕಾರ ದೇವರ ಪ್ರಾರ್ಥನೆ ಬಿಟ್ಟು ಬೇರೆ ಸ್ತುತಿ ಹಾಡುವಂತಿಲ್ಲ. ರಾಷ್ಟ್ರಗೀತೆಯ ಹೊತ್ತಿಗೆ ಅವರು ಎಲ್ಲರಂತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಎದ್ದು ನಿಂತದ್ದೇ ಗೌರವ, ಹಾಡಲೇಬೇಕೆಂಬ ಬಲವಂತ ಕೂಡದು ಎಂಬುದು ತೀರ್ಪಿನ ಭಾವ. ಮೂವರೇ ಮಕ್ಕಳು. ಆ ಮೂವರಿಗಾಗಿ ದೇಶದ ದೊಡ್ಡ ಕೋರ್ಟು ಕೂತು ಯೋಚಿಸಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಈಗ ಆ ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ಅವಳು ಇನ್ನೂ ನಿಂತೇ ಇದ್ದಾಳೆ.

ಅವತ್ತು ಹಾಜರಿ ಪುಸ್ತಕ ಮುಚ್ಚಿದೆ. ಪಾರಸಿಗಳು ಇರಾನಿನಿಂದ ಬಂದವರು ಎಂದು ಹೇಳಿದೆ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಹಡಗಿನಲ್ಲಿ ಗುಜರಾತಿನ ದಡಕ್ಕೆ ಬಂದರು, ಅವರ ಪ್ರವಾದಿ ಜರತುಷ್ಟ್ರ, ಅವರ ಗುಡಿಯಲ್ಲಿ ಬೆಂಕಿಯನ್ನು ಆರದಂತೆ ಕಾಪಾಡುತ್ತಾರೆ ಎಂದೆ. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್ಷೆಟ್‌ಜಿ ಟಾಟಾ ಪಾರಸಿಯೇ ಎಂದೆ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಅವರ ಅಗ್ನಿಮಂದಿರ ಇದೆ ಎಂದೆ. ಇಡೀ ದೇಶದಲ್ಲಿ ಅವರು ಉಳಿದಿರುವುದು 2011ರ ಜನಗಣತಿಯಂತೆ ಸುಮಾರು 57 ಸಾವಿರ ಮಂದಿ ಎಂದೂ ಹೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ: "ಅಷ್ಟ ಮಂದಿ ಏನ್ರೀ? ನಮ್ಮ ತಾಲೂಕಿನಾಗ ಅದಕ್ಕಿಂತ ಹೆಚ್ಚ ಇದ್ದೀವಲ್ರೀ!"

ಹುಡುಗಿ ಅವನ ಕಡೆ ತಿರುಗಿದಳು. "ಅಷ್ಟ ಮಂದಿ ಇದ್ರೂ ಹಾಡಿನಾಗ ಅದಾರಲ್ಲೋ" ಎಂದಳು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು: "ಅಕ್ಕೋರ, ನಾಳೆ ರಾಮಾನಂದ ಅಂದ್ರ ಯಾರಂತ ಹೇಳ್ತೀರೇನ್ರೀ?"

ರಾಮಾನಂದರ ಬಗ್ಗೆ, ಅವರು ಕಬೀರರ ಗುರುಗಳೆಂದು ಹೇಳುತ್ತಾರೆ ಎಂಬುದನ್ನು ಬಿಟ್ಟರೆ ನನಗೆ ಹೆಚ್ಚು ತಿಳಿದಿರಲಿಲ್ಲ. ಹೇಳುತ್ತೇನೆ ಎಂದೆ. ಸಂಜೆ ಶಾಲೆ ಬಿಟ್ಟ ಮೇಲೆ ಗುಮಾಸ್ತರ ಹತ್ತಿರ ಪುಸ್ತಕದ ಬೀರುವಿನ ಬೀಗದ ಕೈ ಕೇಳಿ ಇಸಕೊಂಡೆ.